ಊರಿನ ಕೊಲೆ ಕಥೆ ಓದುವಾಗ ಸುಳಿವು ಹುಡುಕುತ್ತೀರಾ, ಸುಮ್ನೆ ಓದುತ್ತೀರಾ?

ಮಳೆಹುಳ (ನಾಪೋಕ್ಲು ಕಡೆ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುವವರು ತುಂಬ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಕಕ್ಕಡ ತಿಂಗಳ ಮಳೆ ಹಿಡಿದು ಕೂತಿದೆ. ತೋಟದಲ್ಲಿ ಹೇಳಿಕೊಳ್ಳುವಂಥ ಕೆಲಸ ಇಲ್ಲ, ಕರೆಂಟು ಬಂದರೆ ಬಂತು. ಹಾಗಾಗಿ ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಪುಸ್ತಕಗಳನ್ನು ಹಿಡಿದಿದ್ದೇನೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇಂಗ್ಲೆಂಡಿನ ಸೇಂಟ್ ಮೇರಿ ಮೀಡ್ ಅನ್ನುವ ಸಣ್ಣ ಊರು, ಅಲ್ಲಿ ಮದುವೆಯಾಗದ ಒಬ್ಬ ವಯಸ್ಸಾದ ಹೆಂಗಸು, ಸ್ವೆಟರ್ ಹೆಣೆಯುತ್ತಾ ಹೂದೋಟ ನೋಡಿಕೊಳ್ಳುತ್ತಾ ಇರುತ್ತಾಳೆ, ಊರಲ್ಲಿ ಕೊಲೆಯಾದರೆ ಪೊಲೀಸರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತೆ ಮಾಡಿದ್ದು ಯಾರು ಅಂತ. ರಕ್ತ ಜಾಸ್ತಿ ಇಲ್ಲ, ಟೀ ಜಾಸ್ತಿ.

ನಾನು ಓದಿಕೊಂಡು ಸಂಜೆ ನಮ್ಮ ಅತ್ತೆಗೆ ಕನ್ನಡದಲ್ಲಿ ಹೇಳುತ್ತೇನೆ. ನನ್ನ ಓದು ಹೇಗೆ ಅಂದರೆ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು, ಯಾರು ಎಷ್ಟು ಗಂಟೆಗೆ ಎಲ್ಲಿದ್ದರು, ಯಾವ ಬಾಗಿಲು ತೆರೆದಿತ್ತು, ಯಾರು ಯಾರನ್ನು ನೋಡಿದರು ಅಂತ ಎಲ್ಲ ಬರೆದುಕೊಳ್ಳುತ್ತೇನೆ, ಆದರೂ ಕೊನೆಯಲ್ಲಿ ಕೈಗೆ ಏನೂ ಸಿಗುವುದಿಲ್ಲ. ಅತ್ತೆ ಅಕ್ಕಿ ಆರಿಸುತ್ತಾ ಕೇಳುತ್ತಾರೆ. ಅವರದು ಎರಡೇ ಪ್ರಶ್ನೆ. ಆಸ್ತಿ ಯಾರಿಗೆ ಹೋಗುತ್ತೆ? ಮನೆಗೆ ಹೊಸದಾಗಿ ಬಂದವರು ಯಾರು? ಅಷ್ಟು ಕೇಳಿ ಒಂದು ಹೆಸರು ಹೇಳಿಬಿಡುತ್ತಾರೆ, ಎಷ್ಟೋ ಸಲ ಅದೇ ಸರಿ ಇರುತ್ತೆ! ನನಗೆ ಹೊಟ್ಟೆ ಉರಿಯುತ್ತೆ.

ನನ್ನ ಪ್ರಶ್ನೆಗಳು ಇಷ್ಟು. ನೀವು ಇಂಥ ಪುಸ್ತಕ ಓದುವಾಗ ಸುಳಿವು ಹುಡುಕುತ್ತೀರಾ, ಇಲ್ಲಾ ಕಥೆ ಹೋದ ಕಡೆ ಹೋಗುತ್ತೀರಾ? ಹುಡುಕುವವರು ಏನನ್ನು ನೋಡುತ್ತೀರಿ? ಆಮೇಲೆ, ಒಬ್ಬ ಅಜ್ಜಿ ಹೇಳಿದ್ದನ್ನು ಪೊಲೀಸರು ಹೀಗೆ ಕೂತು ಕೇಳುತ್ತಾರಾ, ನಂಬೋಕೆ ಆಗುತ್ತಾ? ಕೊನೆಯದು, ನನ್ನ ಗೆಳತಿ ಹೇಳುತ್ತಾಳೆ, ಇಂಥ ಕಥೆ ನಮ್ಮ ಕೊಡಗಿನಲ್ಲಿ ನಡೆಯೋದೇ ಇಲ್ಲ, ಇಲ್ಲಿ ಯಾರ ಮನೆಯಲ್ಲಿ ಏನು ಸಾರು ಅಂತ ಕೂಡ ಎಲ್ಲರಿಗೂ ಗೊತ್ತಿರುತ್ತೆ, ಗುಟ್ಟು ಎಲ್ಲಿ ಉಳಿಯುತ್ತೆ ಅಂತ. ನಿಮಗೆ ಏನನ್ನಿಸುತ್ತೆ?

ದಯವಿಟ್ಟು ಯಾವ ಪುಸ್ತಕದ ಕೊಲೆಗಾರನ ಹೆಸರನ್ನೂ ಹೇಳಬೇಡಿ. ಇನ್ನೂ ಓದುವುದು ತುಂಬ ಇದೆ.

ಹಳೆಮೇಷ್ಟ್ರು (ಸೋಮವಾರಪೇಟೆ)

ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಿ. ಅವರು ಓದುತ್ತಿರುವ ಕ್ರಮವೇ ಸರಿಯಾದ ಕ್ರಮ. ತಮಾಷೆಗೆ ಹೇಳುತ್ತಿಲ್ಲ.

ಈ ಬಗೆಯ ಕಥೆಗಳು ಮೊದಲ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಹುಲುಸಾಗಿ ಬೆಳೆದವು. ಆಗ ಓದುಗನಿಗೂ ಬರೆಯುವವನಿಗೂ ನಡುವೆ ಒಂದು ಒಪ್ಪಂದ ಇತ್ತು. ರೊನಾಲ್ಡ್ ನಾಕ್ಸ್ ಅಂತ ಒಬ್ಬ ಪಾದ್ರಿ, ಸ್ವತಃ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದವರು, 1929ರಲ್ಲಿ ಹತ್ತು ನಿಯಮಗಳನ್ನೇ ಬರೆದಿಟ್ಟರು. ಕೊಲೆಗಾರ ಕಥೆಯ ಆರಂಭದ ಭಾಗದಲ್ಲೇ ಬಂದಿರಬೇಕು. ದೆವ್ವ ಭೂತ ಬಂದು ಕೆಲಸ ಮಾಡಿಕೊಡಬಾರದು. ಯಾರೂ ಕೇಳಿರದ ವಿಷ ತರಬಾರದು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು. ಒಳ್ಳೆಯ ಬರಹಗಾರರು ಈ ನಿಯಮ ಮುರಿದೂ ಗೆದ್ದಿದ್ದಾರೆ, ಅದು ಬೇರೆ ಮಾತು. ಆದರೆ ನೀವು ತಿಳಿದುಕೊಳ್ಳಬೇಕಾದದ್ದು ಇಷ್ಟೇ, ಸುಳಿವು ಪುಸ್ತಕದಲ್ಲಿ ಇದ್ದೇ ಇರುತ್ತೆ. ಅದನ್ನು ಬಚ್ಚಿಡುವುದು ಎಲ್ಲಿ? ನೀವು ಓಡಿಸಿಕೊಂಡು ಓದುವ ಜಾಗದಲ್ಲಿ.

ನೀವು ಹಾಳೆಯಲ್ಲಿ ಬರೆದುಕೊಳ್ಳುವ ಗಂಟೆ ನಿಮಿಷ ಇದೆಯಲ್ಲ, ಅದನ್ನು ನೀವು ಬರೆದುಕೊಳ್ಳಲಿ ಅಂತಲೇ ಲೇಖಕಿ ಕೊಟ್ಟಿರುವುದು. ಮಾರ್ಪಲ್‌ಳ ಮೊದಲ ಕಾದಂಬರಿ 'ದಿ ಮರ್ಡರ್ ಅಟ್ ದಿ ವಿಕರೇಜ್' 1930ರಲ್ಲಿ ಬಂತು. ಪಾದ್ರಿಯ ಮನೆಯ ಓದುವ ಕೋಣೆಯಲ್ಲಿ ಕರ್ನಲ್ ಒಬ್ಬನ ಕೊಲೆ. ಅಲ್ಲಿ ಒಂದು ಗಡಿಯಾರ ಇದೆ, ಅದನ್ನು ಆ ಮನೆಯವರು ಬೇಕೆಂದೇ ಕಾಲು ಗಂಟೆ ಮುಂದೆ ಇಟ್ಟಿರುತ್ತಾರೆ. ಇದು ಪೊಲೀಸರಿಗೆ ಗೊತ್ತಿಲ್ಲ, ಮನೆಯವರಿಗೆ ಗೊತ್ತು. ನಮ್ಮ ಮನೆಗಳಲ್ಲೂ ಶಾಲೆ ಬಸ್ಸು ತಪ್ಪಬಾರದು ಅಂತ ಗಡಿಯಾರ ಮುಂದೆ ಇಡುತ್ತೇವಲ್ವಾ, ಹಾಗೆ. ಇದರಿಂದ ಕೊಲೆಗಾರ ಯಾರು ಅಂತ ಗೊತ್ತಾಗುವುದಿಲ್ಲ, ಹೆದರಬೇಡಿ. ನಾನು ಹೇಳಲು ಹೊರಟಿದ್ದು ಏನೆಂದರೆ, ಪತ್ತೆಯ ಕೆಲಸ ನಡೆಯುವುದು ಮನೆವಾರ್ತೆಯ ಒಳಗೆ. ಯಾರು ಯಾವ ಕೈಚೀಲ ತಂದಿದ್ದರು, ತರಲಿಲ್ಲ. ಕೆಲಸದ ಹುಡುಗಿ ಇವತ್ತು ಯಾಕೆ ತಟ್ಟೆ ಒಡೆದಳು. ತೋಟಕ್ಕೆ ಕಲ್ಲು ತಂದವನು ಸರಿಯಾದ ಕಲ್ಲು ತಂದನಾ. ಇನ್‌ಸ್ಪೆಕ್ಟರ್ ಇವನ್ನು ಕೇಳುವುದೇ ಇಲ್ಲ, ಕೇಳಿದರೂ ಹೆಂಗಸರ ಹರಟೆ ಅಂತ ಬಿಟ್ಟುಬಿಡುತ್ತಾನೆ. ಮಾರ್ಪಲ್ ಗೆಲ್ಲುವುದು ಅಲ್ಲಿ.

ಅವಳ ಇನ್ನೊಂದು ಕ್ರಮ ಹೋಲಿಕೆ. ಯಾರನ್ನಾದರೂ ಕಂಡ ಕೂಡಲೇ ಅವಳಿಗೆ ತನ್ನ ಊರಿನ ಇನ್ಯಾರದೋ ನೆನಪಾಗುತ್ತೆ. ಇವನು ನಮ್ಮ ಮೀನಿನವನ ಮಗನ ಹಾಗೆ, ಆ ಹುಡುಗ ಚಿಲ್ಲರೆಯಲ್ಲಿ ಮೋಸ ಮಾಡುತ್ತಿದ್ದ, ಹಾಗಾಗಿ ಇವನೂ... ಅಂತ. ಅವಳು ಮೊದಲ ಸಲ ಕಾಣಿಸಿಕೊಂಡ ಸಣ್ಣ ಕಥೆ 1927ರದು. ಅದರಲ್ಲಿ ಎಲ್ಲರೂ ದೊಡ್ಡ ದೊಡ್ಡ ರಹಸ್ಯಗಳ ಬಗ್ಗೆ ಮಾತಾಡುತ್ತಿದ್ದರೆ ಈ ಅಜ್ಜಿ ಪಕ್ಕದ ಮನೆಯಾಕೆ ಕೊಂಡ ಸಿಗಡಿ ಕಾಣೆಯಾದ ಸುದ್ದಿ ತೆಗೆಯುತ್ತಾಳೆ. ನಗುತ್ತಾರೆ. ಆಮೇಲೆ ನಗುವುದು ನಿಲ್ಲುತ್ತೆ. ಕ್ರಿಸ್ಟಿ ತನ್ನ ಅಜ್ಜಿಯ ಗೆಳತಿಯರನ್ನು ನೋಡಿ ಈ ಪಾತ್ರ ಕಟ್ಟಿದ್ದು. ಎಲ್ಲರ ಬಗ್ಗೆಯೂ ಕೆಟ್ಟದ್ದನ್ನೇ ಊಹಿಸುವ, ಊಹಿಸಿದ್ದು ನಿಜವೂ ಆಗಿಬಿಡುವ ಆ ಥರದ ಮುದುಕಿಯರು. ನಿಮ್ಮ ಊರಲ್ಲೂ ಇದ್ದಾರೆ, ನಮ್ಮ ಊರಲ್ಲೂ ಇದ್ದಾರೆ, ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ.

ಪೊಲೀಸರು ಯಾಕೆ ಕೇಳುತ್ತಾರೆ ಅಂದಿರಿ. ಶಿಫಾರಸು ಅಮ್ಮಾ, ಶಿಫಾರಸು. ಸ್ಕಾಟ್ಲೆಂಡ್ ಯಾರ್ಡ್‌ನ ನಿವೃತ್ತ ಕಮಿಷನರ್ ಸರ್ ಹೆನ್ರಿ ಕ್ಲಿದರಿಂಗ್ ಅವಳ ಅಭಿಮಾನಿ. ಅವರು ಒಂದು ಮಾತು ಹೇಳಿದರೆ ಕೆಳಗಿನವರು ಕುರ್ಚಿ ಹಾಕುತ್ತಾರೆ. ಮೊದಲ ಪುಸ್ತಕದ ಇನ್‌ಸ್ಪೆಕ್ಟರ್‌ ಮಾತ್ರ ಅವಳನ್ನು ಲೆಕ್ಕಕ್ಕೇ ಇಡುವುದಿಲ್ಲ, ಅದು ಹೆಚ್ಚು ನಿಜ ಅನ್ನಿಸುತ್ತೆ.

ಕರಿಮೆಣಸು (ಅಮ್ಮತ್ತಿ)

ನಾನು ಹುಡುಕುವುದಿಲ್ಲ. ಸುಮ್ನೆ ಓದುತ್ತೇನೆ. ಇಡೀ ದಿನ ಲೆಕ್ಕ ನೋಡಿ ತಲೆ ಕೆಟ್ಟಿರುತ್ತೆ, ತೋಟದ ರೈಟರ್ ಕೊಟ್ಟ ಹಾಜರಿ ಮಸ್ಟರು, ಕೂಲಿ, ಗೊಬ್ಬರ, ಡೀಸೆಲ್, ಮತ್ತೆ ರಾತ್ರಿ ಕೂತು ಯಾವನೋ ಇಂಗ್ಲಿಷಿನವನು ಆರೂಕಾಲಿಗೆ ಎಲ್ಲಿದ್ದ ಅಂತ ಲೆಕ್ಕ ಹಾಕಲಾ?

ನನಗೆ ಬೇಕಾಗಿರುವುದು ಆ ಊರು. ಪಾದ್ರಿ, ಡಾಕ್ಟರು, ಪೋಸ್ಟ್ ಆಫೀಸಿನ ಹೆಂಗಸು, ಸದಾ ಸಿಡುಕುವ ನಿವೃತ್ತ ಮಿಲಿಟರಿಯವನು. ಈ ಕೊನೆಯವನನ್ನು ಕಂಡರೆ ನಮ್ಮ ಕಡೆಯವರಿಗೆ ಪರಿಚಯ ಮಾಡಿಸಬೇಕಾಗಿಲ್ಲ, ಗೇಟಿಗೆ ರ‍್ಯಾಂಕ್ ಬರೆಸಿ ಹಾಕಿಕೊಂಡ ಮನೆ ಪ್ರತಿ ಊರಲ್ಲೂ ಇದೆ. ವಿಕರೇಜ್ ಪುಸ್ತಕದ ಮೊದಲ ಅಧ್ಯಾಯದಲ್ಲೇ, ಊಟದ ಹೊತ್ತಿನಲ್ಲಿ, ಪಾದ್ರಿಯೇ ಬಾಯಿ ತಪ್ಪಿ ಹೇಳಿಬಿಡುತ್ತಾರೆ, ಆ ಕರ್ನಲ್‌ನನ್ನು ಯಾರಾದರೂ ಕೊಂದರೆ ಲೋಕಕ್ಕೆ ಉಪಕಾರ ಅಂತ. ಆಮೇಲೆ ಕೊಲೆ ಅವರ ಮನೆಯಲ್ಲೇ ಆಗುತ್ತೆ. ನಾನು ಬಿದ್ದು ಬಿದ್ದು ನಕ್ಕಿದ್ದೆ. ಅಷ್ಟು ಸಾಕು ನನಗೆ, ಕೊಲೆಗಾರ ಯಾರಾದರೇನು.

ಒಂದು ತಕರಾರು ಮಾತ್ರ ಇದೆ. ಈ ಕಥೆಗಳಲ್ಲಿ ಸತ್ತವರಿಗಾಗಿ ಯಾರೂ ಸರಿಯಾಗಿ ಅಳುವುದಿಲ್ಲ. ಮಾರನೆಯ ದಿನ ಟೀ, ಕೇಕು, ಚರ್ಚೆ. ನಮ್ಮಲ್ಲಿ ಸಾವಾದರೆ ಹನ್ನೊಂದು ದಿನ ಮನೆ ತುಂಬ ಜನ, ಯಾರು ಯಾರನ್ನು ವಿಚಾರಿಸೋಕೆ ಆಗುತ್ತೆ ಆ ಗದ್ದಲದಲ್ಲಿ!

ಮಲೆನಾಡಿನ ಕಡೆಯ ರಹಸ್ಯ ಬೇಕು ಅಂದರೆ ತೇಜಸ್ವಿಯವರ 'ಚಿದಂಬರ ರಹಸ್ಯ' ಓದಿರುತ್ತೀರಿ. ಏಲಕ್ಕಿ, ಕೆಸರೂರು ಅನ್ನುವ ಊರು, ಒಂದು ಸಾವಿನ ಸುತ್ತ ಅನುಮಾನ, ಎಲ್ಲ ಇದೆ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಆದರೆ ಅದು ಈ ಜಾತಿಯದಲ್ಲ. ಮಾರ್ಪಲ್ ಕಥೆಯಲ್ಲಿ ಕೊಲೆಗಾರ ಸಿಕ್ಕ ಕೂಡಲೇ ಊರು ಮತ್ತೆ ಮೊದಲಿನ ಹಾಗೆ ಆಗಿಬಿಡುತ್ತೆ. ಕೆಸರೂರಿಗೆ ಆ ಭಾಗ್ಯ ಇಲ್ಲ. ನನಗೆ ಎರಡೂ ಇಷ್ಟ, ಆದರೆ ಮಳೆಗಾಲಕ್ಕೆ ಮೊದಲನೆಯದೇ.

ತೋಟದಹುಡುಗ (ಪೊನ್ನಂಪೇಟೆ)

ಕೊಡಗಿನಲ್ಲಿ ನಡೆಯಲ್ಲ ಅಂದವರು ಯಾರು? ಇಲ್ಲಿ ನಡೆಯುವಷ್ಟು ಚೆನ್ನಾಗಿ ಇನ್ನೆಲ್ಲೂ ನಡೆಯಲ್ಲ. ನಾನು ಸುಮಾರು ದಿನದಿಂದ ತಲೆಯಲ್ಲಿ ಒಂದು ಕಥೆ ಇಟ್ಟುಕೊಂಡಿದ್ದೇನೆ, ಬರೆಯುವುದಿಲ್ಲ ಅಂತ ಗೊತ್ತಿರುವುದರಿಂದ ಇಲ್ಲೇ ಹೇಳಿಬಿಡುತ್ತೇನೆ.

ಈ ಇಂಗ್ಲಿಷ್ ಕಥೆಗಳಲ್ಲಿ ಗುಂಡಿನ ಸದ್ದು ಒಂದು ದೊಡ್ಡ ವಿಷಯ. ಎಷ್ಟು ಹೊತ್ತಿಗೆ ಕೇಳಿಸಿತು, ಯಾವ ದಿಕ್ಕಿನಿಂದ, ಯಾರು ಕೇಳಿದರು. ಮೇಷ್ಟ್ರು ಹೇಳಿದ ಪುಸ್ತಕದಲ್ಲೂ ಅದೇ ತಲೆನೋವು, ಸದ್ದು ಕಾಡಿನ ಕಡೆಯಿಂದ ಬಂತಾ ಮನೆಯ ಒಳಗಿಂದ ಬಂತಾ ಅಂತ. ಈಗ ಅದನ್ನು ಇಲ್ಲಿಗೆ ತನ್ನಿ. ಕೊಡವರಿಗೂ ಜಮ್ಮಾ ಭೂಮಿ (ವಂಶಪಾರಂಪರ್ಯದ ಭೂಮಿ) ಇರುವವರಿಗೂ ಕೋವಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಬ್ರಿಟಿಷರ ಕಾಲದಿಂದ ಬಂದದ್ದು, ಈಗ 2029ರವರೆಗೆ ಮುಂದುವರಿಸಿದ್ದಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಎರಡು ಗುಂಡು, ಅದನ್ನು ಕೇಳಿಯೇ ಊರವರು ಹೊರಡುತ್ತಾರೆ. ಆನೆ ಓಡಿಸೋಕೆ ಪಟಾಕಿ ಬೇರೆ. ಸದ್ದು ಕೇಳಿದ ಕೂಡಲೇ ಇಲ್ಲಿ ಯಾರೂ ಪೊಲೀಸರಿಗೆ ಫೋನ್ ಮಾಡಲ್ಲ, ಎಷ್ಟು ಸದ್ದು ಅಂತ ಎಣಿಸುತ್ತಾರೆ.

ಈಗ ಪುತ್ತರಿ ರಾತ್ರಿ, ನಮ್ಮ ಸುಗ್ಗಿಯ ಹಬ್ಬ. ನೆರೆ (ಎಲೆಗಳ ಕಟ್ಟು) ಕಟ್ಟುವುದು ಎಷ್ಟು ಹೊತ್ತಿಗೆ, ಕದಿರು ತೆಗೆಯುವುದು ಎಷ್ಟು ಹೊತ್ತಿಗೆ ಅಂತ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯ ಮಾಡುತ್ತಾರೆ, ಅದು ಪೇಪರಿನಲ್ಲಿ ಬರುತ್ತೆ, ಗಂಟೆ ನಿಮಿಷದ ಸಮೇತ. ಆ ಹೊತ್ತಿಗೆ ಎಲ್ಲರೂ ಗದ್ದೆಯಲ್ಲಿ, ಪೊಲಿ ಪೊಲಿಯೇ ದೇವಾ ಅಂತ ಕೂಗು, ಕೋವಿ ಹಾರುತ್ತೆ. ಅಂದರೆ ಕೊಲೆಗಾರನಿಗೆ ಯಾವ ನಿಮಿಷದಲ್ಲಿ ಇಡೀ ಊರು ಗುಂಡು ಹಾರಿಸುತ್ತೆ ಅಂತ ವಾರ ಮುಂಚೆಯೇ ಗೊತ್ತು! ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಯಾರೂ ಇಲ್ಲ, ಹುಷಾರಿಲ್ಲದ ಹಿರಿಯರೊಬ್ಬರು ಮಾತ್ರ. ಇದಕ್ಕಿಂತ ಬೇರೆ ಏನು ಬೇಕು.

ಆದರೆ ಪತ್ತೆ ಯಾರು ಮಾಡುತ್ತಾರೆ ಅನ್ನುವುದೇ ಕಷ್ಟದ ಪ್ರಶ್ನೆ. ಇಂಗ್ಲೆಂಡಿನಲ್ಲಿ ಅನುಮಾನದ ಸಾವನ್ನು ವಿಚಾರಿಸೋಕೆ ಕಾರೊನರ್ ಅಂತ ಒಬ್ಬರು ಇರುತ್ತಾರೆ, ವಿಚಾರಣೆ ಎಲ್ಲರ ಎದುರಿಗೆ, ಈ ಕಥೆಗಳಲ್ಲಿ ಊರಿನ ಹೋಟೆಲಿನಲ್ಲೇ ನಡೆಯುತ್ತೆ, ಊರವರೆಲ್ಲ ಹೋಗಿ ಕೂತು ಕೇಳುತ್ತಾರೆ. ಹಾಗಾಗಿ ಮಾರ್ಪಲ್‌ಗೆ ಮಾಹಿತಿ ತಾನಾಗಿ ಸಿಗುತ್ತೆ. ನಮ್ಮಲ್ಲಿ ಅದಿಲ್ಲ. ಆದರೆ ನಮ್ಮಲ್ಲಿ ಮಹಜರು ಇದೆ. ಅಸಹಜ ಸಾವಾದರೆ ಪೊಲೀಸರು ಅಕ್ಕಪಕ್ಕದ ಇಬ್ಬರು ಮರ್ಯಾದಸ್ಥರನ್ನು ಕರೆದು ಅವರ ಎದುರಿಗೆ ಶವ ನೋಡಿ ಬರೆಯಬೇಕು. ಇದಕ್ಕೆ ಕಾನೂನು ಮೊದಲು ಸಿಆರ್‌ಪಿಸಿಯ 174ನೇ ಕಲಂ, ಈಗ 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 194ನೇ ಕಲಂ. ಹಾಗೆ ಪಂಚರಾಗಿ, ಅಂದರೆ ಸಾಕ್ಷಿಯಾಗಿ, ಕರೆಯುವುದು ಯಾರನ್ನು? ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರನ್ನು ಕರೆಯಿರಿ. ಊರಿನ ಅರ್ಧ ಜನಕ್ಕೆ ಅವರೇ ಅಕ್ಷರ ಕಲಿಸಿದವರು, ಸಬ್ ಇನ್‌ಸ್ಪೆಕ್ಟರಿಗೂ ಸೇರಿ. ಅವರು ಸಹಿ ಹಾಕುವ ಮೊದಲು ಕನ್ನಡಕ ಹಾಕಿಕೊಂಡು ಪೂರ್ತಿ ಓದುತ್ತಾರೆ, ಓದಿ ಇದರಲ್ಲಿ ಒಂದು ವಿಷಯ ಬಿಟ್ಟುಹೋಗಿದೆಯಲ್ಲ ಮಗಾ ಅನ್ನುತ್ತಾರೆ. ಅಲ್ಲಿಂದ ಕಥೆ ಶುರು.

ಯಾರಾದರೂ ಬರೆಯಿರಿ. ನನಗೆ ಒಂದು ಪ್ರತಿ ಕೊಟ್ಟರೆ ಸಾಕು.

ಮಳೆಹುಳ (ನಾಪೋಕ್ಲು ಕಡೆ)

ತೋಟದಹುಡುಗ ಅವರೇ, ಇದನ್ನು ಅತ್ತೆಗೆ ಓದಿ ಹೇಳಿದೆ. ಅವರು ಕೇಳಿದ್ದು, ಹೆಡ್‌ಮಿಸ್ಟ್ರೆಸ್ ಯಾಕೆ, ಅರುವ ಇಲ್ವಾ ಅಂತ. ಕೊಡವರಲ್ಲದವರಿಗೆ ಹೇಳುತ್ತೇನೆ, ಪ್ರತಿ ಒಕ್ಕಕ್ಕೂ (ಮನೆತನಕ್ಕೂ) ಬೇರೆ ಒಕ್ಕದ ಒಬ್ಬರು ಅರುವ ಅಂತ ಇರುತ್ತಾರೆ. ಮದುವೆ, ಸಂಬಂಧ, ಮನೆಯ ವ್ಯವಹಾರ, ಎಲ್ಲಕ್ಕೂ ಅವರು ಬಂದು ನಿಲ್ಲಬೇಕು. ಮನೆಯವರಲ್ಲ, ಆದರೆ ಮನೆಯ ಒಳಗಿನದ್ದೆಲ್ಲ ಗೊತ್ತು. ಹೊರಗಿನವರ ಕಣ್ಣು, ಒಳಗಿನವರ ಕಿವಿ. ಅತ್ತೆ ಹೇಳುವುದು ಸರಿ ಅನ್ನಿಸಿತು ನನಗೆ.

ಮೇಷ್ಟ್ರೇ, ಹಾಳೆ ಬಿಸಾಡಿದ್ದೇನೆ. ಈಗ ಓದುತ್ತಿರುವುದರಲ್ಲಿ ಅಡುಗೆಮನೆಯ ಭಾಗ ಬಂದರೆ ನಿಧಾನವಾಗಿ ಓದುತ್ತಿದ್ದೇನೆ.

ಕಾವೇರಿತೀರ (ಸಿದ್ದಾಪುರ)

ಎಲ್ಲರೂ ಖುಷಿಯಾಗಿ ಮಾತಾಡುತ್ತಿದ್ದೀರಿ, ನಾನು ಸ್ವಲ್ಪ ಹುಳಿ ಹಿಂಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕೊಡಗಿನಲ್ಲಿ ದೊಡ್ಡ ಮನೆಯೊಂದರಲ್ಲಿ ಕೊಲೆಯಾಯಿತು ಅಂತಿಟ್ಟುಕೊಳ್ಳಿ. ಮೊದಲು ಯಾರನ್ನು ಹಿಡಿಯುತ್ತಾರೆ? ಲೈನ್ ಮನೆಯವರನ್ನು, ಅಂದರೆ ತೋಟದ ಕೂಲಿಯವರನ್ನು. ಅದರಲ್ಲೂ ಯರವರು, ಪಣಿಯರು ಅನ್ನುವ ಬುಡಕಟ್ಟಿನವರನ್ನೋ, ಈಗಾದರೆ ಅಸ್ಸಾಂ ಕಡೆಯಿಂದ ಬಂದ ಹುಡುಗರನ್ನು. ಅವರಿಗೆ ಊರಿನ ಭಾಷೆ ಸರಿಯಾಗಿ ಬರಲ್ಲ, ಪರವಾಗಿ ಮಾತಾಡುವವರು ಇಲ್ಲ. ಹೆಡ್‌ಮಿಸ್ಟ್ರೆಸ್ ಬರುವಷ್ಟರಲ್ಲಿ ಕೇಸು ಮುಗಿದಿರುತ್ತೆ. ಅನುಮಾನ ಎಲ್ಲರ ಮೇಲೂ ಒಂದೇ ಥರ ಬೀಳುತ್ತೆ ಅನ್ನುವುದು ಈ ಕಥೆಗಳ ಮೊದಲ ಸುಳ್ಳು. ಆ ಇಂಗ್ಲಿಷ್ ಊರಿನಲ್ಲೂ ಹಾಗೆ ಇರಲಿಲ್ಲ. ಅಲ್ಲಿ ಕೆಲಸದ ಹುಡುಗಿಯರು ಬರುವುದೇ ನಗಿಸೋಕೆ. ಪೆದ್ದುಪೆದ್ದಾಗಿ ಮಾತಾಡುತ್ತಾರೆ, ಕಿರಿಚುತ್ತಾರೆ, ಟ್ರೇ ಬೀಳಿಸುತ್ತಾರೆ.

ಆದರೂ ನಾನು ಓದುತ್ತೇನೆ. ಯಾಕೆ ಅಂದರೆ ಕ್ರಿಸ್ಟಿಗೆ ಇದು ಗೊತ್ತಿಲ್ಲ ಅಂತಲ್ಲ. ಯಾರ ಕಡೆ ಯಾರೂ ನೋಡುವುದಿಲ್ಲ ಅನ್ನುವುದನ್ನೇ ಅವಳು ಮತ್ತೆ ಮತ್ತೆ ಸುಳಿವು ಮಾಡಿಕೊಳ್ಳುತ್ತಾಳೆ. 1953ರಲ್ಲಿ ಬಂದ 'ಎ ಪಾಕೆಟ್ ಫುಲ್ ಆಫ್ ರೈ' ನೋಡಿ. (ಓದದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.) ಅಲ್ಲಿ ಶ್ರೀಮಂತರ ಮನೆಯ ಸಾವಿನ ನಡುವೆ ಗ್ಲಾಡಿಸ್ ಅನ್ನುವ ಕೆಲಸದ ಹುಡುಗಿಯೂ ಸಾಯುತ್ತಾಳೆ. ಅನಾಥಾಶ್ರಮದಿಂದ ಬಂದವಳು, ಮಾರ್ಪಲ್‌ಳೇ ಅವಳಿಗೆ ಮನೆಕೆಲಸ ಕಲಿಸಿರುತ್ತಾಳೆ. ಅಜ್ಜಿ ರೈಲು ಹತ್ತಿ ಬರುವುದು ಶ್ರೀಮಂತನಿಗಾಗಿ ಅಲ್ಲ, ಆ ಹುಡುಗಿಗಾಗಿ. ಬಂದವಳ ಮುಖದಲ್ಲಿ ಕೋಪ ಇದೆ. ಕರಿಮೆಣಸು ಅಕ್ಕ ಹೇಳಿದರಲ್ಲ ಯಾರೂ ಅಳುವುದಿಲ್ಲ ಅಂತ, ಈ ಪುಸ್ತಕದ ಕೊನೆಯ ಪುಟ ಓದಿ ನೋಡಿ.

ಹಾಗಾಗಿ ಕೊಡಗಿನ ಕಥೆ ಬರೆಯುವವರಿದ್ದರೆ ಪತ್ತೇದಾರಳನ್ನು ಲೈನ್ ಮನೆಯಿಂದಲೇ ತನ್ನಿ. ಅಂಗನವಾಡಿ ಸಹಾಯಕಿ, ಇಲ್ಲಾ ಕಾಫಿ ಕೊಯ್ಲಿಗೆ ಹೋಗುವ ಹೆಂಗಸು. ಯಾರ ತೋಟಕ್ಕೆ ಯಾವ ಜೀಪು ಎಷ್ಟು ಹೊತ್ತಿಗೆ ಬಂತು ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳನ್ನು ಯಾರೂ ಕೇಳಿಲ್ಲ ಅಷ್ಟೇ.

ಕರಿಮೆಣಸು (ಅಮ್ಮತ್ತಿ)

ಕಾವೇರಿತೀರ ಅವರೇ, ಆ ಕೊನೆಯ ಪುಟ ನೆನಪಿದೆ. ನನ್ನ ತಕರಾರಿನಿಂದ ಆ ಪುಸ್ತಕ ಒಂದನ್ನು ತೆಗೆದಿಡುತ್ತೇನೆ, ಉಳಿದದ್ದಕ್ಕೆ ಹಾಗೇ ಇರಲಿ.

ಆದರೆ ನೀವು ಹೇಳಿದ ಹೆಂಗಸಿನ ಮಾತನ್ನು ಪೊಲೀಸರು ಕೇಳುವ ಹಾಗೆ ಮಾಡುವುದು ಹೇಗೆ? ಅವಳಿಗೆ ಸರ್ ಹೆನ್ರಿ ಎಲ್ಲಿಂದ ಬರುತ್ತಾನೆ?

ಕಾವೇರಿತೀರ (ಸಿದ್ದಾಪುರ)

ಅದೇ ಕಾದಂಬರಿ ಆಗಬೇಕಾಗಿರುವುದು.

ಮಂಜಿನಮನೆ (ಮಡಿಕೇರಿ)

ನಾನು ಹೋಂಸ್ಟೇ ನಡೆಸುತ್ತೇನೆ, ಹಾಗಾಗಿ ನನಗೆ ಈ ಚರ್ಚೆಯಲ್ಲಿ ಬೇರೆಯೇ ಒಂದು ಎಳೆ ಕಾಣುತ್ತಿದೆ. ಮಳೆಹುಳ ಅವರ ಅತ್ತೆಯ ಎರಡನೇ ಪ್ರಶ್ನೆ, ಹೊಸದಾಗಿ ಬಂದವರು ಯಾರು ಅನ್ನುವುದು.

'ಎ ಮರ್ಡರ್ ಈಸ್ ಅನೌನ್ಸ್ಡ್' ಅಂತ 1950ರ ಪುಸ್ತಕ. ನನ್ನ ಪ್ರಕಾರ ಕ್ರಿಸ್ಟಿಯ ಹಳ್ಳಿ ಕಥೆಗಳಲ್ಲಿ ಇದೇ ಎಲ್ಲಕ್ಕಿಂತ ಚೆಂದ. ಸ್ಥಳೀಯ ಪತ್ರಿಕೆಯಲ್ಲಿ ಒಂದು ಜಾಹೀರಾತು ಬರುತ್ತೆ, ಇಂಥ ಮನೆಯಲ್ಲಿ ಶುಕ್ರವಾರ ಸಂಜೆ ಆರೂವರೆಗೆ ಒಂದು ಕೊಲೆ ನಡೆಯಲಿದೆ, ಸ್ನೇಹಿತರು ಇದನ್ನೇ ಆಹ್ವಾನ ಅಂತ ತಿಳಿಯಬೇಕು ಅಂತ. ಊರವರೆಲ್ಲ ಏನೋ ಆಟ ಇರಬೇಕು ಅಂದುಕೊಂಡು, ಒಬ್ಬೊಬ್ಬರು ಒಂದೊಂದು ನೆಪ ಹೇಳಿಕೊಂಡು ಬಂದು ಸೇರುತ್ತಾರೆ. ನಮ್ಮ 'ಶಕ್ತಿ' ಪತ್ರಿಕೆಯಲ್ಲಿ ಇಂಥದ್ದೊಂದು ಬಂದರೆ ಏನಾಗುತ್ತೆ ಊಹಿಸಿ. ಇಡೀ ಜಿಲ್ಲೆ ಬಂದು ನಿಲ್ಲುತ್ತೆ, ಪಾರ್ಕಿಂಗ್‌ಗೆ ಜಾಗ ಇರಲ್ಲ.

ಆದರೆ ಆ ಪುಸ್ತಕದ ಜೀವ ಇರುವುದು ಬೇರೆ ಕಡೆ. ಎರಡನೇ ಮಹಾಯುದ್ಧ ಮುಗಿದಿದೆ. ರೇಷನ್ ಇನ್ನೂ ಇದೆ, ಬೆಣ್ಣೆ ಮೊಟ್ಟೆ ಕದ್ದುಮುಚ್ಚಿ ಕೈ ಬದಲಾಯಿಸುತ್ತೆ. ಯುದ್ಧಕ್ಕೆ ಮುಂಚೆ ಊರಿಗೆ ಹೊಸಬರು ಬಂದರೆ ಪರಿಚಯದ ಪತ್ರ ತರುತ್ತಿದ್ದರು, ಯಾರದೋ ಸಂಬಂಧಿ, ಯಾರದೋ ರೆಜಿಮೆಂಟಿನವನು. ಈಗ ಯಾರೋ ಬರುತ್ತಾರೆ, ಮನೆ ಕೊಳ್ಳುತ್ತಾರೆ, ತಾನು ಇಂಥವನು ಅಂತ ಹೇಳುತ್ತಾರೆ, ಊರು ನಂಬುತ್ತೆ. ಅವರ ಬಗ್ಗೆ ಗೊತ್ತಿರುವುದು ಅವರು ಹೇಳಿದ್ದಷ್ಟೇ. ಮಾರ್ಪಲ್ ಇದನ್ನು ಬಾಯಿ ಬಿಟ್ಟೇ ಹೇಳುತ್ತಾಳೆ. ಇದು ಕೊಲೆ ಕಥೆಯ ವೇಷದಲ್ಲಿರುವ ಬೇರೆ ಕಥೆ, ಒಂದು ಊರು ತನ್ನವರನ್ನೇ ಗುರುತು ಹಿಡಿಯಲಾರದ ಹಾಗೆ ಆದದ್ದು.

ಮಳೆಹುಳ ಅವರ ಗೆಳತಿ ಹೇಳಿದ್ದು, ಇಲ್ಲಿ ಎಲ್ಲರಿಗೂ ಎಲ್ಲ ಗೊತ್ತು ಅಂತ. ಒಂದು ಕಾಲಕ್ಕೆ ನಿಜ ಇರಬಹುದು. ಮನೆ ಹೆಸರು ಹೇಳಿದರೆ ಸಾಕಿತ್ತು, ಯಾವ ನಾಡು, ಯಾರ ಮೊಮ್ಮಗ, ಯಾರಿಗೆ ಕೊಟ್ಟಿದ್ದಾರೆ, ಎಲ್ಲ ಬಂದುಬಿಡುತ್ತಿತ್ತು. ಈಗ ನಮ್ಮ ರಸ್ತೆಯಲ್ಲೇ ನೋಡಿ. ಒಂದು ತೋಟ ಬೆಂಗಳೂರಿನವರದ್ದು, ವರ್ಷಕ್ಕೊಮ್ಮೆ ಬರುತ್ತಾರೆ. ಪಕ್ಕದ್ದು ಮಾರಿ ಆಗಿದೆ, ಯಾರಿಗೆ ಅಂತ ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅದರ ಕೆಳಗೆ ಒಬ್ಬರು ನಿವೃತ್ತರು, ನೇವಿಯಲ್ಲಿದ್ದೆ ಅನ್ನುತ್ತಾರೆ. ಇರಬಹುದು. ನಾನು ಅತಿಥಿಗಳಿಂದ ಆಧಾರ್ ಪ್ರತಿ ಇಸಿದುಕೊಂಡು ರಿಜಿಸ್ಟರಿನಲ್ಲಿ ಬರೆದಿಡುತ್ತೇನೆ, ಪಕ್ಕದ ಮನೆಯವರ ಬಗ್ಗೆ ನನ್ನ ಹತ್ತಿರ ಅಷ್ಟೂ ಇಲ್ಲ.

ಹಾಗಾಗಿ ಹಳೆಯ ಕೊಡಗಿನಲ್ಲಿ ಈ ಕಥೆ ಕಷ್ಟ ಇತ್ತೇನೋ, ಈಗ ಸುಲಭ. ಸ್ವಲ್ಪ ಜಾಸ್ತಿಯೇ ಸುಲಭ.

ತೋಟದಹುಡುಗ (ಪೊನ್ನಂಪೇಟೆ)

ಮಂಜಿನಮನೆ ಅವರೇ, ಆ ನೇವಿಯವರ ಹತ್ತಿರ ಒಂದು ಸಲ ಗಂಟು ಹಾಕಿಸಿ ನೋಡಿ. ಹಗ್ಗ ಕೊಟ್ಟರೆ ಗೊತ್ತಾಗುತ್ತೆ.

ಹೂಮಳೆ (ವಿರಾಜಪೇಟೆ)

ವಿಷದ ಬಗ್ಗೆ ಯಾರೂ ಮಾತಾಡಲೇ ಇಲ್ಲವಲ್ಲ! ಕ್ರಿಸ್ಟಿ ಅಂದರೆ ವಿಷ. ಮೊದಲ ಮಹಾಯುದ್ಧದಲ್ಲಿ ಟಾರ್ಕಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ಆಮೇಲೆ ಔಷಧಿ ಕೊಡುವ ವಿಭಾಗಕ್ಕೆ ಬಂದು, ಪರೀಕ್ಷೆ ಬರೆದು ಪಾಸಾದವಳು. ಎರಡನೇ ಯುದ್ಧದಲ್ಲೂ ಲಂಡನ್ನಿನ ಆಸ್ಪತ್ರೆಯಲ್ಲಿ ಅದೇ ಕೆಲಸ ಮಾಡಿದಳು. ಅದಕ್ಕೇ ಅವಳ ಪುಸ್ತಕದಲ್ಲಿ ವಿಷ ಅಂದರೆ ಸಿನಿಮಾದ ಥರ ಕುಡಿದ ಕೂಡಲೇ ಬಾಯಲ್ಲಿ ನೊರೆ ಅಲ್ಲ. ಯಾವುದು ಎಷ್ಟು ಹೊತ್ತಿಗೆ ಕೆಲಸ ಮಾಡುತ್ತೆ, ಯಾವುದರ ರುಚಿ ಎಲ್ಲಿ ಮುಚ್ಚಿಹೋಗುತ್ತೆ, ಡಾಕ್ಟರು ಅದನ್ನು ಯಾವ ಕಾಯಿಲೆ ಅಂದುಕೊಳ್ಳುತ್ತಾರೆ, ಇವುಗಳ ಮೇಲೇ ಕಥೆ ನಿಲ್ಲುತ್ತೆ. ನಾನು ಫಾರ್ಮಸಿ ಓದಿದವಳು, ಆದ್ದರಿಂದ ಸುಳಿವು ಹುಡುಕುವುದು ಅಲ್ಲೇ. ಸಾಯುವ ಮೊದಲು ಏನು ತೊಂದರೆ ಆಯಿತು ಅಂತ ನೋಡುತ್ತೇನೆ.

ನಮ್ಮಲ್ಲಿ ಏನು ಕಡಿಮೆ ಇದೆ? ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಕೋವಿಗೆ ಸಿಕ್ಕಿಸುತ್ತೇವಲ್ಲ ತೋಕ್ ಪೂ, ಕೆಂಪು ಹಳದಿ ಬೆಂಕಿಯ ಹಾಗೆ ಇರುವ ಹೂವು, ಅದರ ಗಿಡ ಪೂರ್ತಿ ವಿಷ, ಗೆಡ್ಡೆಯಂತೂ ಕೇಳಲೇಬೇಡಿ. ಗೆಣಸು ಅಂತ ತಿಂದು ಸತ್ತವರಿದ್ದಾರೆ. ಹಬ್ಬದ ದಿನ ಮನೆಮನೆಗೂ ಅದನ್ನು ಕಿತ್ತು ತರುತ್ತಾರೆ, ಯಾರ ಕೈಯಲ್ಲಿ ನೋಡಿದರೂ ಯಾರಿಗೂ ಅನುಮಾನ ಬರಲ್ಲ. ಇನ್ನು ಮನೆಯಲ್ಲಿ ಮಾಡಿದ ವೈನು. ಯಾವ ಮನೆಗೆ ಹೋದರೂ ನೆಲ್ಲಿಕಾಯಿದು, ಶುಂಠಿದು ಅಂತ ಒಂದು ಲೋಟ ಕೊಡುತ್ತಾರೆ, ರುಚಿ ಹೇಗಿದ್ದರೂ ಚೆನ್ನಾಗಿದೆ ಅಂತಲೇ ಹೇಳಬೇಕು. ಪುತ್ತರಿ ಕೋವಿಗಿಂತ ಇದು ಎಷ್ಟೋ ಮೇಲು. ತೋಟದಹುಡುಗ ಅವರದು ಗಂಡಸರ ಕೊಲೆ.

ಮಳೆಹುಳ (ನಾಪೋಕ್ಲು ಕಡೆ)

ಹೂಮಳೆ ಅಕ್ಕ, ಇನ್ನು ನಿಮ್ಮ ಮನೆಗೆ ಬಂದರೆ ಬರೀ ನೀರು ಕುಡಿಯುತ್ತೇನೆ!

ಎಲ್ಲರಿಗೂ ಥ್ಯಾಂಕ್ಸ್. ಒಂದೇ ಒಂದು ಉಳಿದಿದೆ, ಮಾರ್ಪಲ್ ಪುಸ್ತಕಗಳನ್ನು ಬಂದ ವರ್ಷದ ಪ್ರಕಾರವೇ ಓದಬೇಕಾ? ನನ್ನ ಹತ್ತಿರ 'ನೆಮೆಸಿಸ್' ಇದೆ, ಅದನ್ನು ಮುಂದೆ ಓದೋಣ ಅಂತಿದ್ದೆ. ಆಮೇಲೆ, ಕರೆಂಟು ಇಲ್ಲದಾಗ ಮೊಬೈಲ್ ಟಾರ್ಚಿನಲ್ಲಿ ಅತ್ತೆಗೆ ಹೇಳೋಕೆ ಚಿಕ್ಕದು ಯಾವುದಾದರೂ ಇದ್ದರೆ ಹೇಳಿ.

ಹಳೆಮೇಷ್ಟ್ರು (ಸೋಮವಾರಪೇಟೆ)

ಕಾದಂಬರಿ ಹನ್ನೆರಡು, ಸಣ್ಣ ಕಥೆ ಇಪ್ಪತ್ತು. ಹೆಚ್ಚಿನವನ್ನು ಯಾವ ಕ್ರಮದಲ್ಲಿ ಓದಿದರೂ ನಡೆಯುತ್ತೆ. 'ನೆಮೆಸಿಸ್' ಮಾತ್ರ ಈಗ ಬೇಡ, ಅದು 1971ರದು. ಅದಕ್ಕೆ ಮೊದಲು 1964ರ 'ಎ ಕೆರಿಬಿಯನ್ ಮಿಸ್ಟರಿ' ಓದಿ. ಅಲ್ಲಿ ಪರಿಚಯವಾದ ಒಬ್ಬ ಮುದುಕನಿಂದಲೇ ಇಲ್ಲಿ ಕಥೆ ಹೊರಡುತ್ತೆ. 'ಸ್ಲೀಪಿಂಗ್ ಮರ್ಡರ್' ಕೊನೆಯಲ್ಲಿ, 1976ರಲ್ಲಿ, ಕ್ರಿಸ್ಟಿ ತೀರಿಕೊಂಡ ಮೇಲೆ ಬಂತು, ಆದರೆ ಬರೆದಿದ್ದು ಎಷ್ಟೋ ವರ್ಷ ಮೊದಲು, ಹಾಗಾಗಿ ಅದನ್ನು ಕೊನೆಗೇ ಓದಬೇಕು ಅಂತೇನಿಲ್ಲ.

ಅತ್ತೆಗೆ 'ದಿ ಥರ್ಟೀನ್ ಪ್ರಾಬ್ಲೆಮ್ಸ್', 1932. ಹದಿಮೂರು ಸಣ್ಣ ಕಥೆ. ನಾಲ್ಕಾರು ಜನ ಸಂಜೆ ಕೂತು ಒಬ್ಬೊಬ್ಬರು ತಮಗೆ ಗೊತ್ತಿರುವ ಒಂದು ರಹಸ್ಯ ಹೇಳುತ್ತಾರೆ, ಉಳಿದವರು ಬಿಡಿಸಬೇಕು, ಮೂಲೆಯಲ್ಲಿ ಹೆಣೆಯುತ್ತಾ ಕೂತ ಅಜ್ಜಿ ಪ್ರತಿ ಸಲವೂ ಬಿಡಿಸುತ್ತಾಳೆ. ಒಂದು ಕಥೆ ಒಂದು ಸಂಜೆಗೆ ಸರಿಯಾಗುತ್ತೆ. ಅಜ್ಜಿ ಬಾಯಿ ತೆರೆಯುವ ಜಾಗ ಬಂದಾಗ ಪುಸ್ತಕ ಮುಚ್ಚಿ ಅತ್ತೆಯನ್ನು ಕೇಳಿ. ಆದರೆ ಮೊದಲನೆಯದರಲ್ಲೇ ಅವರು ಹೇಳಿಬಿಡುತ್ತಾರೆ ಅಂತ ನನಗೆ ಅನುಮಾನ, ಅದರಲ್ಲಿ ವಿಷಯ ಪೂರ್ತಿ ಅಡುಗೆಯದ್ದೇ.